ಗಡಿಯಾರ ಮಾರ್ಕಿನ ನೊರೆ

ನೊರೆಯ ವಿಷಯದಲ್ಲಿ ನನ್ನೊಡನೆ ಯಾರೂ ವಾದಕ್ಕೆ ಬರಬಾರದು. ನನ್ನ ಗಡ್ಡ ತೆಂಗಿನ ನಾರು, ಗಲ್ಲ ಮಾತ್ರ ಹಸುಗೂಸಿನದು. ದೇವರು ಅವತ್ತು ಯಾವ ಯೋಚನೆಯಲ್ಲಿದ್ದನೋ, ಎರಡನ್ನೂ ತಂದು ಒಂದೇ ಮುಖಕ್ಕೆ ಅಂಟಿಸಿಬಿಟ್ಟ. ಇಂಥ ಮುಖದವನಿಗೆ ಒಳ್ಳೆಯ ಸೋಪೇ ಬೇಕು. ಆದರೆ ಗ್ಯಾಸ್ ಸಿಲಿಂಡರ್ ಹೊತ್ತು ಮನೆಮನೆಗೆ ಹಾಕಿ ಬದುಕುವವನ ಕೈಗೆ ಅಗ್ಗದ್ದು ಮಾತ್ರ ಎಟುಕುತ್ತದೆ. ಒಳ್ಳೆಯದೂ ಅಗ್ಗದ್ದೂ ಒಂದೇ ಡಬ್ಬಿಯಲ್ಲಿ ಸಿಗಬೇಕೆಂದರೆ ಅಲೆದಾಟ ತಪ್ಪಿದ್ದಲ್ಲ.

ಅದೂ ನಮ್ಮೂರಿನಲ್ಲಿ. ಇಲ್ಲಿ ಹೊಸ್ತಿಲು ದಾಟಿದರೆ ಮಂಜು. ಚಾಚಿದ ಕೈಯ ಬೆರಳು ಕಾಣದಂಥ ಮಂಜು. ಬೆಳಗ್ಗೆಯೂ ಅದೇ, ನಡುಮಧ್ಯಾಹ್ನವೂ ಅದೇ, ಬೇಸಿಗೆಗೂ ಅದೇ. ಮನೆಯೊಳಗೆ ಮಾತ್ರ ಅದು ಕಾಲಿಡುವುದಿಲ್ಲ. ಬಾಗಿಲು ಹಾರುಹೊಡೆದಿಟ್ಟರೂ ಕರೆಯದೆ ಒಳಗೆ ಬರಬಾರದೆಂದು ತಿಳಿದ ನೆಂಟನ ಹಾಗೆ ಹೊಸ್ತಿಲಾಚೆಗೇ ನಿಂತಿರುತ್ತದೆ. ಬೀದಿಯಲ್ಲಿ ಎದುರಿಗೆ ಬಂದವರು ಯಾರೆಂದು ತಿಳಿಯುವುದು ಮೂಗಿನಿಂದಲೇ. ಹೆಂಗಸರ ಗುರುತಿನ ಲೆಕ್ಕ ಬೇರೆ ಇದೆ, ಅದನ್ನು ಅವರೇ ಹೇಳಬೇಕು. ಗಂಡಸಿನ ಗುರುತು ಅವನು ಬೆಳಗ್ಗೆ ಗಲ್ಲಕ್ಕೆ ಹಚ್ಚಿದ ಸೋಪು. ದನಿಯನ್ನು ನಂಬುವ ಹಾಗಿಲ್ಲ, ಮಂಜಿನಲ್ಲಿ ಎಲ್ಲರದೂ ನೆಗಡಿಯಾದವರ ದನಿಯೇ. ಬೀದಿಯಲ್ಲಿ ತನ್ನ ಹೆಸರು ತಾನೇ ಹೇಳಿಕೊಳ್ಳುವುದಂತೂ ತೀರಾ ಅಮರ್ಯಾದೆ. ಸಾಲ ಕೇಳಲು ಬಂದ ಪರವೂರಿನವನೇ ಇರಬೇಕು ಅಂದುಕೊಳ್ಳುತ್ತಾರೆ.

ಹಾಗಾಗಿ ಒಂದು ಸೋಪಿಗೆ ಒಬ್ಬನೇ ಗಂಡಸು. ಅಪ್ಪ ಸತ್ತರೆ ಅಪ್ಪನ ಸೋಪನ್ನು ಮಕ್ಕಳಲ್ಲಿ ಒಬ್ಬ ಇಟ್ಟುಕೊಳ್ಳಬಹುದು. ಯಾರಿಗೂ ಬೇಡವಾದರೆ ವರ್ಷ ತುಂಬಿದ ಮೇಲೆ ಮನೆಯವರು ನೀಲಕ್ಕನ ಅಂಗಡಿಗೆ ಹೋಗಿ "ಬಿಟ್ಟೆವಮ್ಮ" ಎಂದು ಹೇಳಿ ಬರುತ್ತಾರೆ. ಆಮೇಲೆ ಅದು ಯಾರಿಗೆ ಬೇಕಾದರೂ ಸಿಗುತ್ತದೆ. ಗಡ್ಡ ಬಿಟ್ಟವನು ಮಾತ್ರ ನಮ್ಮ ಬೀದಿಗಳಲ್ಲಿ ಇದ್ದೂ ಇಲ್ಲದವನು.

ನನ್ನದು ಎರಡು ಗಿಳಿ ಮಾರ್ಕಿನ ಟ್ಯೂಬ್ ಕ್ರೀಮು. ಮದುವೆಗೆ ಮುಂಚಿನಿಂದಲೂ ಅದೇ. ಸೋಂಪಿನ ವಾಸನೆ, ಬೆಣ್ಣೆಯಂಥ ನೊರೆ. ಒಂದು ಬೆಳಗ್ಗೆ ನೀಲಕ್ಕ ಖಾಲಿ ಕೈ ತೋರಿಸಿದಳು. "ಗಿಳಿ ಹಾರಿಹೋತು ಕೊಟ್ರೇಶಿ. ಮಾಡೋರೇ ನಿಲ್ಲಿಸ್ಯಾರಂತೆ. ಬೇರೆ ನೋಡ್ಕ."

ಬೇರೆ ನೋಡಿಕೊಳ್ಳುವುದೆಂದರೆ ಏನು ಸುಲಭವೇ? ಒಳ್ಳೆಯವೆಲ್ಲ ಯಾರದೋ ಗಲ್ಲದ ಮೇಲೆ ಕೂತಿದ್ದವು. ಒಡೆಯರಿಲ್ಲದೆ ಉಳಿದ ಒಳ್ಳೆಯವನ್ನು ಬೆಲೆ ಕೇಳಿಯೇ ಕೆಳಗಿಟ್ಟೆ. ಇನ್ನುಳಿದವು ಅಗ್ಗದವು. ಮೊದಲು ತಂದದ್ದು ಒಂದು ಹಸಿರು ಬಿಲ್ಲೆ. ಬ್ರಷ್ ಎಷ್ಟು ತಿರುವಿದರೂ ಬಟ್ಟೆ ಒಗೆದ ನೀರಿನ ಹಾಗೆ ತೆಳ್ಳಗೆ ನಾಲ್ಕು ಗುಳ್ಳೆ ಎದ್ದು, ನಾನು ರೇಜರ್ ಎತ್ತುವಷ್ಟರಲ್ಲಿ ಒಣಗಿ ಹೋಗುತ್ತಿತ್ತು. ಎರಡನೆಯದು ಕೆಂಪು ಟ್ಯೂಬು. ನೊರೆಯೇನೋ ಬೆಟ್ಟದಷ್ಟು. ಆದರೆ ಉರಿ! ಗಲ್ಲಕ್ಕೆ ಮೆಣಸಿನಕಾಯಿ ಅರೆದು ಹಚ್ಚಿದಂತೆ. ಪಟಿಕದ ಕಲ್ಲು ಉಜ್ಜಿಕೊಂಡು ಅಂಗಳದಲ್ಲಿ ಕುಣಿದೆ. ಮೂರನೆಯದು ಗುಲಾಬಿಯ ಅತ್ತರಿನದು. ಅದನ್ನು ಹಚ್ಚಿಕೊಂಡು ಸಂಜೆ ಮನೆಗೆ ಬಂದರೆ ನನ್ನ ಹೆಂಡತಿ ಹಾಲಮ್ಮ ಒಳಗಿನಿಂದಲೇ ಚಿಲಕ ಹಾಕಿಕೊಂಡಳು.

"ಯಾರದು? ನಮ್ಮನೆಯೋರು ಇಲ್ಲ!"

"ನಾನೇ ಕಣೆ."

"ನಾನೇ ಅಂದ್ರೆ? ನಾಚಿಕೆ ಆಗಲ್ವ, ಗಂಡ ಇಲ್ಲದ ಹೊತ್ತಿನಾಗೆ ಬರಾಕೆ?"

ಕೊನೆಗೆ ಕಿಟಕಿಯಲ್ಲಿ ದೀಪ ಹಿಡಿದು ನನ್ನ ಮುಖ ನೋಡಿ ಬಾಗಿಲು ತೆಗೆದಳು. ನಕ್ಕಳು ಎಂದುಕೊಂಡಿರಾ? ಊಟ ಬಡಿಸುವ ತನಕ ಬೈದಳು. ಮನೆಯಲ್ಲೇ ಹೀಗಾದರೆ ಗಿರಾಕಿಗಳ ಗತಿಯೇನು? ಸಿಲಿಂಡರ್ ಹೊತ್ತು ಬಾಗಿಲು ಬಡಿದರೆ "ನಮಗೆ ಗ್ಯಾಸ್ ಹಾಕೋದು ಕೊಟ್ರೇಶಿ, ನೀನ್ಯಾರಪ್ಪ" ಎಂದು ವಾಪಸ್ ಕಳಿಸತೊಡಗಿದರು. ದಿನಕ್ಕೊಂದು ವಾಸನೆ ಹೊತ್ತು ತಿರುಗುವವನಿಗೆ ಯಾರು ತಾನೇ ಅಡುಗೆಮನೆ ತೋರಿಸುತ್ತಾರೆ? ಏಜೆನ್ಸಿಯವರು ಗುರ್ ಎಂದರು. ಗಲ್ಲದ ಉರಿ ಹೊಟ್ಟೆಗೂ ಇಳಿಯಿತು.

ನನ್ನ ಗೋಳು ನೋಡಲಾರದೆ ನೀಲಕ್ಕ ಒಂದು ದಿನ ಕೆಳಗಿನ ಹಲಗೆಯಿಂದ ತಗಡಿನ ಡಬ್ಬಿಯೊಂದನ್ನು ತೆಗೆದಳು. ಮುಚ್ಚಳದ ಮೇಲೆ ಗಡಿಯಾರದ ಚಿತ್ರ. ಒಳಗೆ ಕೆನೆಬಣ್ಣದ ಗುಂಡು ಸೋಪು. "ಅಂಗಡಿಯಾಗೇ ಹಚ್ಚಿ ನೋಡು, ಹೊರಗೆ ಹೋಗೋಕೆ ಮುಂಚೆ ತೊಳ್ಕ" ಎಂದಳು.

ಒದ್ದೆ ಬ್ರಷ್ ತಾಗಿಸಿದೆ ಅಷ್ಟೆ. ಅಬ್ಬಾ, ಏನು ನೊರೆ! ಗಟ್ಟಿ ಮೊಸರಿನಂತೆ ಗಲ್ಲಕ್ಕೆ ಅಂಟಿ ಕೂತಿತು. ನಾರುಗಡ್ಡ ಮೆತ್ತಗಾಗಿ, ರೇಜರ್ ತಾನಾಗಿ ಜಾರಿತು. ಎಲ್ಲೂ ಚುರ್ ಅನ್ನಲಿಲ್ಲ. ವಾಸನೆ ಲಾವಂಚದ್ದು, ಅದರ ಹಿಂದೆ ಒಣ ನಿಂಬೆಸಿಪ್ಪೆಯದು. ಬೆಲೆ ಕೇಳಿದೆ. ನನ್ನ ಗಿಳಿಗಿಂತಲೂ ಕಡಿಮೆ! ಡಬ್ಬಿಯನ್ನು ಎದೆಗೆ ಅವಚಿಕೊಂಡೆ.

"ಇಡು ಕೆಳಗೆ," ಎಂದಳು ನೀಲಕ್ಕ. "ಅದು ಪಂಪಣ್ಣೋರದು. ಲಕ್ವ ಹೊಡೆದು ಮಲಗ್ಯಾರೆ, ಹೊಸ್ತಿಲು ದಾಟಲ್ಲ, ಗಡ್ಡ ತೆಗೆಸಿಕೊಳ್ಳಲ್ಲ. ಆದ್ರೂ ಇನ್ನೂ ಇದಾರಲ್ಲಪ್ಪ. ಹೋಗಿ ಕೇಳ್ತೀಯೇನು, ಧೈರ್ಯ ಐತಾ?"

ಬದುಕಿರುವ ಮನುಷ್ಯನ ಹತ್ತಿರ ಹೋಗಿ ನಿಮ್ಮ ಸೋಪು ಬಿಟ್ಟುಕೊಡಿ ಎಂದು ಕೇಳುವುದು ಎಂಥ ಮಾತು? ನಮ್ಮೂರಿನಲ್ಲಿ ಯಾರೂ ಕೇಳಿದ್ದಿಲ್ಲ. ಎರಡು ಸಲ ಅವರ ಓಣಿಯ ಬಾಯಿಗೆ ಹೋಗಿ ಹಿಂದಿರುಗಿದೆ. ಮೂರನೆಯ ಸಲ ಕೆಂಪು ಟ್ಯೂಬಿನ ಉರಿಯೇ ನನ್ನನ್ನು ಒಳಕ್ಕೆ ತಳ್ಳಿತು.

ಪಂಪಣ್ಣ ಮರ ಮಾರುವ ದೊಡ್ಡಿಯಲ್ಲಿ ದಿಮ್ಮಿಗಳ ಅಳತೆ ನೋಡುತ್ತಿದ್ದವರು, ಆಳೆತ್ತರದ ಮನುಷ್ಯ. ಈಗ ಮಂಚದ ಮೇಲೆ ಎಡಗೈ ಎಡಗಾಲು ಸತ್ತು, ಎದೆಯುದ್ದ ಬಿಳಿ ಗಡ್ಡ ಬಿಟ್ಟುಕೊಂಡು ಮಲಗಿದ್ದರು. ನನ್ನ ಮಾತು ಕೇಳಿ ಅವರ ಹೆಂಡತಿ ಗಂಗಮ್ಮ ಕೈಯಲ್ಲಿದ್ದ ತಟ್ಟೆ ಕುಕ್ಕಿದರು. "ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ಇನ್ನೂ ಉಸಿರಾಡ್ತಾ ಐತೆ ಜೀವ!"

ಪಂಪಣ್ಣ ಮಾತ್ರ ನಕ್ಕರು. ಒಂದೇ ಪಕ್ಕದ ನಗು. "ಇರ್ಲಿ ಬಿಡೆ. ಬಾಗಿಲಿಗೆ ಬಂದು ಬಾಯಿ ಬಿಟ್ಟು ಕೇಳ್ದ, ಗಂಡಸು. ತಗಳ್ಲಿ." ಆಮೇಲೆ ನನ್ನ ಕಡೆ ತಿರುಗಿದರು. "ಆದ್ರೆ ಒಂದು ಕೆಲಸ ಮಾಡಬೇಕು. ದಿನಾ ಬೆಳಗ್ಗೆ ದರ್ಜಿ ಓಣಿಗೆ ಹೋಗಿ ವಿರುಪಣ್ಣನ ಕಟ್ಟೆ ಮುಂದೆ ನಿಂತ್ಕಬೇಕು. ಒಂದು ಎಲೆಯಡಿಕೆ ಅಗಿಯೋ ಅಷ್ಟು ಹೊತ್ತು. ಬಾಯಿ ಬಿಡಬಾರ್ದು. ಅವನು ಏನಾರ ಅಂದ್ರೆ ನಂಗೆ ಬಂದು ಹೇಳು."

"ಯಾಕೆ ಪಂಪಣ್ಣೋರೆ?"

"ಸೋಪು ಬೇಕಾ, ಬ್ಯಾಡ್ವಾ?"

ಯಾಕೆಂದು ಹೇಳಿದವರು ಗಂಗಮ್ಮ, ಬಾಗಿಲ ತನಕ ಬಂದು, ಪಿಸುದನಿಯಲ್ಲಿ. ವಿರುಪಣ್ಣ ಪಂಪಣ್ಣನವರ ಒಡಹುಟ್ಟಿದ ತಮ್ಮ. ಗಡಿಯಾರ ಮಾರ್ಕು ಅವರಪ್ಪನದು. ಅಪ್ಪ ತೀರಿಕೊಂಡಾಗ ಅಣ್ಣ ಒಂದು ಮಾತೂ ಕೇಳದೆ, ಹಿರಿಯನೆಂಬ ಹಕ್ಕಿನಿಂದ ಅದನ್ನು ಹಚ್ಚಿಕೊಂಡುಬಿಟ್ಟರು. ಅಪ್ಪನ ಬಾಲ ಹಿಡಿದು ಬೆಳೆದವರು ತಮ್ಮ. ತನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಅವತ್ತು ಮನೆ ಬಿಟ್ಟು ಹೋದವರು ಮತ್ತೆ ಈ ಕಡೆ ತಲೆ ಹಾಕಿಲ್ಲ. "ಇವರಿಗೆ ಈಗ ಅವನದೇ ಹಂಬಲ ಕಣಪ್ಪ. ಕಣ್ಣು ಮುಚ್ಚೋದರೊಳಗೆ ಒಂದ್ಸಲ ಬಂದ್ರೆ ಸಾಕು ಅಂತ. ಕರೀರಿ ಅಂದ್ರೆ ಕರೆಯಲ್ಲ. ಬೀದಿಯಾಗಾದ್ರೂ ಒಂದು ಮಾತಾಡ್ತಾನೇನೋ ಅಂತ ನಿನ್ನ ಕಳಿಸ್ತಾ ಇದಾರೆ."

ಹೀಗೆ ನಾನು ಪಂಪಣ್ಣನವರ ಸೋಪಿನ ಒಡೆಯನಾದೆ. ನನ್ನ ಗಿರಾಕಿಗಳಿಗೆಲ್ಲ ನೀಲಕ್ಕ ಸುದ್ದಿ ಮುಟ್ಟಿಸಿದಳು, ಬಾಗಿಲುಗಳು ತೆರೆದುಕೊಂಡವು. ಹಾಲಮ್ಮನೂ ಮೂಗು ಮುರಿಯುತ್ತಲೇ ಒಪ್ಪಿದಳು. ಸುದ್ದಿ ಮುಟ್ಟದ ಓಣಿಗಳಲ್ಲಿ ಮಾತ್ರ ತಮಾಷೆಯಾಗುತ್ತಿತ್ತು. ಒಬ್ಬರು ಮಂಜಿನಲ್ಲೇ ನನ್ನ ಕಾಲು ಹುಡುಕಿ ಮುಟ್ಟಿ ನಮಸ್ಕಾರ ಮಾಡಿದರು. ಇನ್ನೊಬ್ಬರು, "ನಿನ್ನ ಅಳತೆ ನಂಬಿ ನಮ್ಮನೆ ತೊಲೆ ಗೇಣು ಗಿಡ್ಡ ಆತಲ್ಲೋ" ಎಂದು ಹಳೆಯ ಸಿಟ್ಟು ತೀರಿಸಿಕೊಂಡು ಹೋದರು. ತೊಲೆಯ ಬೈಗುಳ ಹೇಳಿದ ದಿನ ಪಂಪಣ್ಣ ಕೆಮ್ಮು ಬರುವ ತನಕ ನಕ್ಕರು. ನಕ್ಕು ಮುಗಿದ ಮೇಲೆ ಪ್ರತಿಸಲವೂ ಅದೇ ಪ್ರಶ್ನೆ. "ವಿರುಪ ಏನಾರ ಅಂದ್ನ?"

ಏನೂ ಅನ್ನುತ್ತಿರಲಿಲ್ಲ. ದರ್ಜಿ ಓಣಿಯಲ್ಲಿ ಕಟ್ಟೆಯ ಮೇಲೆ ಹೊಲಿಗೆ ಮಿಷನ್ನಿನ ಸದ್ದು ಕೇಳಿಸುತ್ತಿತ್ತು. ನಾನು ಹೋಗಿ ನಿಲ್ಲುತ್ತಿದ್ದ ಹಾಗೆಯೇ ಅದು ತಟಕ್ಕನೆ ನಿಲ್ಲುತ್ತಿತ್ತು. ಎಲೆಯಡಿಕೆ ಅಗಿಯುತ್ತ ನಾನು ಮಂಜಿನ ಈ ಕಡೆ, ಉಸಿರು ಬಿಗಿಹಿಡಿದು ಅವರು ಆ ಕಡೆ. ನಾನು ಹೊರಟ ಮೇಲೆ ಮಿಷನ್ ಮತ್ತೆ ಓಡುತ್ತಿತ್ತು. "ಮಿಷನ್ ನಿಲ್ಲಿಸಿದ್ನ?" ಎಂದು ಪಂಪಣ್ಣ ಕೇಳುತ್ತಿದ್ದರು. ನಿಲ್ಲಿಸಿದರು ಎಂದರೆ ಅವತ್ತು ಅವರು ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದರಂತೆ.

ಒಂದು ಬೆಳಗ್ಗೆ ಆ ಕಡೆಯಿಂದ ದನಿ ಬಂತು. ನನಗೆ ಎಲೆಯಡಿಕೆ ಗಂಟಲಿಗೆ ಸಿಕ್ಕಿಕೊಂಡಿತು.

"ನಿಂಗೆ ಲಕ್ವ ಹೊಡೆದೈತೆ, ಏಳಂಗಿಲ್ಲ ಅಂತ ಹೇಳಿದ್ರು," ಎಂದರು ವಿರುಪಣ್ಣ. ಮಾತು ತಡೆದು ತಡೆದು ಬರುತ್ತಿತ್ತು. "ಹಾಳಾಗಿ ಹೋಗ್ಲಿ, ಹೋಗಿ ನೋಡಿ ಬರಾನ ಅಂತ ಅಂಗಿ ಹಾಕ್ಕಂಡು ಹೊಂಟಿದ್ದೆ. ಅವತ್ತೇ ನೀನು ಇಲ್ಲಿ ಬಂದು ನಿಂತ್ಯಲ್ಲ. ಬೇಷಾಗಿ ಓಡಾಡ್ತಾ ಇದ್ದೀಯ. ಒಳ್ಳೇದಾತು. ಇನ್ನ ನಾನು ಬರೋದೇನೂ ಬ್ಯಾಡ."

ಮಿಷನ್ ಮತ್ತೆ ಶುರುವಾಯಿತು. ನಾನು ಅಲ್ಲೇ ಕಂಬದಂತೆ ನಿಂತುಬಿಟ್ಟೆ. ಅಂದರೆ, ಈ ಮನುಷ್ಯ ಅಂಗಿ ಹಾಕಿಕೊಂಡು ಹೊರಟೇಬಿಟ್ಟಿದ್ದರು. ಅಡ್ಡ ಬಂದು ನಿಂತವನು ನಾನು! ನನ್ನ ನುಣುಪು ಗಲ್ಲವನ್ನು ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಪಂಪಣ್ಣನವರಿಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ, "ಅಂಗಿ ಹಾಕ್ಕಂಡಿದ್ನಂತಾ?" ಎಂದರು. ಮತ್ತೆ ಹೇಳಿಸಿದರು. ಮೂರನೆಯ ಸಲವೂ ಹೇಳಿಸಿದರು. ಕಣ್ಣಿನಿಂದ ನೀರು ಇಳಿದು ಗಡ್ಡದೊಳಗೆ ಹೋಯಿತು.

"ನಾನು ಹೋಗಿ ನಿಜ ಹೇಳಿ ಬರ್ತೀನಿ ಪಂಪಣ್ಣೋರೆ."

"ಬ್ಯಾಡ." ಬಲಗೈ ಎತ್ತಿ ತಡೆದರು. "ನಾಟಕ ಆಡಿದ್ದೆ ಅಂತ ಗೊತ್ತಾದ್ರೆ ಇನ್ನೂ ಉರಿದು ಬೀಳ್ತಾನೆ. ಅಪ್ಪಂದು ಬೇರೆ ಯಾರಿಗೋ ಕೊಟ್ಟೆ ಅಂತ ಗೊತ್ತಾದ್ರೆ ಮುಗಿದೇ ಹೋತು. ಅಣ್ಣ ಸುಖವಾಗಿದಾನೆ ಅಂತಾದ್ರೂ ಅಂದ್ಕಳ್ಲಿ ಬಿಡು."

ಗಂಗಮ್ಮ ಬಾಗಿಲಲ್ಲಿ ನನ್ನ ತೋಳು ಹಿಡಿದರು. ಎರಡು ದಿನದಿಂದ ಗಂಜಿಯೂ ಒಳಗೆ ಇಳಿಯುತ್ತಿಲ್ಲ, ಡಾಕ್ಟರು ತಲೆ ಅಲ್ಲಾಡಿಸಿ ಹೋಗಿದ್ದಾರೆ ಎಂದರು.

ಮರುದಿನ ಗಡ್ಡ ತೆಗೆಯುವಾಗ ನಾನು ಸೋಪಿನ ಡಬ್ಬಿಯನ್ನು ನೋಡುತ್ತ ಕೂತೆ. ನಿಜ ಹೇಳಿದರೆ ಕೊಟ್ಟ ಮಾತು ತಪ್ಪಿದಂತೆ. ಸೋಪೂ ಹೋಗುತ್ತದೆ, ಮತ್ತೆ ಕೆಂಪು ಟ್ಯೂಬು, ಮತ್ತೆ ಮುಚ್ಚಿದ ಬಾಗಿಲುಗಳು. ಹಾಲಮ್ಮ ಕಾಫಿ ತಂದಿಟ್ಟು, "ಏನು, ಗಡಿಯಾರದಾಗೆ ಟೈಮ್ ನೋಡ್ತಿದ್ದೀರಾ?" ಎಂದಳು. ಅವಳಿಗೆ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಎದ್ದು ಹೋಗ್ರಿ ಮೊದ್ಲು. ಗಲ್ಲ ಉರಿದ್ರೆ ಬೆಣ್ಣೆ ಹಚ್ತೀನಿ" ಎಂದಳು.

ಕಟ್ಟೆಯ ಮುಂದೆ ಹೋಗಿ ನಿಂತೆ. ಮಿಷನ್ ನಿಂತಿತು. ನಡುಬೀದಿಯಲ್ಲಿ, ನಮ್ಮೂರಿನಲ್ಲಿ ಮರ್ಯಾದಸ್ಥರು ಯಾರೂ ಮಾಡದ ಕೆಲಸ ಮಾಡಿದೆ. "ನಾನು ಪಂಪಣ್ಣ ಅಲ್ಲ. ನನ್ನ ಹೆಸರು ಕೊಟ್ರೇಶಿ, ಗ್ಯಾಸ್ ಹಾಕೋನು. ನಿಮ್ಮ ಅಣ್ಣ ಮಂಚ ಬಿಟ್ಟು ಎದ್ದೇ ಇಲ್ಲ."

ಕತ್ತರಿ ಕೆಳಗೆ ಬಿದ್ದ ಸದ್ದಾಯಿತು. ಮಂಜಿನಿಂದ ಒಂದು ಕೈ ಬಂದು ನನ್ನ ಮುಖ ಹುಡುಕಿತು. ಮೂಗು, ಗಲ್ಲ, ಗದ್ದ, ಎಲ್ಲ ತಡವಿ ನೋಡಿ ನನ್ನ ಕಾಲರ್ ಹಿಡಿಯಿತು.

"ಎಲ್ಲಿಂದ ಕದ್ದಿ ಇದನ್ನ?"

"ಕದ್ದಿಲ್ಲ. ಅವರೇ ಕೊಟ್ರು."

"ಕೊಟ್ನಾ?" ಅವರ ದನಿ ಕೀಚಲಾಯಿತು. "ಒಡಹುಟ್ಟಿದೋನಿಗೆ ಕೊಡದ್ದನ್ನ ಗ್ಯಾಸಿನೋನಿಗೆ ಕೊಟ್ನಾ? ನಡಿಯಲೇ. ನಡಿ. ಅವನ ಮುಖಕ್ಕೆ ಉಗಿದು ಬರ್ತೀನಿ."

ಕಾಲರ್ ಬಿಡದೆಯೇ ಓಣಿ ದಾಟಿಸಿದರು. ನಾನು ಕಲ್ಲಿಗೆ ಎಡವಿದಾಗಲೂ ಬಿಡಲಿಲ್ಲ. ದಾರಿಯುದ್ದಕ್ಕೂ ಬೈಗುಳ, ಅಣ್ಣನಿಗೂ ನನಗೂ ಸಮಪಾಲು. ಮನೆ ಬಂತು. ಹೊಸ್ತಿಲು ದಾಟುತ್ತಲೇ ಮಂಜು ಹಿಂದೆ ಉಳಿಯಿತು, ನನಗೂ ಆಗಲೇ ಮೊದಲ ಸಲ ಅವರು ಕಂಡರು. ಕುಳ್ಳು, ಬೋಳುತಲೆ, ಕೊರಳಲ್ಲಿ ಅಳತೆಯ ಟೇಪು. ಗಂಗಮ್ಮ ಅಡುಗೆಮನೆಯಿಂದ ಬಂದವರು ಗೋಡೆಗೆ ಆತು ನಿಂತರು.

ವಿರುಪಣ್ಣ ಬೈಯಲೆಂದು ತೆರೆದ ಬಾಯಿ ಹಾಗೇ ಇತ್ತು. ಮಂಚದ ಮೇಲಿದ್ದ ಮನುಷ್ಯನ ಗುರುತು ಅವರಿಗೆ ಸಿಗಲಿಲ್ಲ. ಗಡ್ಡ, ಒಂದು ಪಕ್ಕಕ್ಕೆ ಜೋತ ಬಾಯಿ, ಕಡ್ಡಿಯಾದ ತೋಳು. ಮಂಚದ ಕಡೆಯಿಂದ ಔಷಧಿಯ ವಾಸನೆ ಬಿಟ್ಟರೆ ಬೇರೇನೂ ಬರಲಿಲ್ಲ. ಆಮೇಲೆ ಪಂಪಣ್ಣ ಕಣ್ಣು ತೆರೆದು, "ವಿರುಪ" ಎಂದರು.

"ಇವನಿಗೆ ಯಾಕೆ ಕೊಟ್ಟೆ?" ಸಿಟ್ಟು ಇನ್ನೂ ಇತ್ತು, ಆದರೆ ದನಿ ಅರ್ಧಕ್ಕರ್ಧ ಇಳಿದಿತ್ತು.

"ಇವನು ಬಂದು ಕೇಳ್ದ."

"ಅಪ್ಪಂದು ಕೊಡು ಅಂತ ನಾನು ಬಾಯಿ ಬಿಟ್ಟು ಕೇಳಬೇಕಿತ್ತಾ? ಗೊತ್ತಿರಲಿಲ್ವಾ ನಿಂಗೆ?"

"ಗೊತ್ತಿತ್ತು," ಎಂದರು ಪಂಪಣ್ಣ. "ಅದಕ್ಕೇ ಕೇಳ್ಲಿಲ್ಲ ನಾನು. ಕೇಳಿದ್ರೆ ಕೊಡಬೇಕಾಗ್ತಿತ್ತಲ್ಲ. ನಂಗೂ ಬೇಕಾಗಿತ್ತು ಕಣೋ."

ವಿರುಪಣ್ಣ ಮಂಚದ ಅಂಚಿನಲ್ಲಿ ಕುಳಿತರು. ಏನು ಮಾಡಬೇಕೆಂದು ತೋಚದೆ ಅಣ್ಣನ ಗಡ್ಡವನ್ನು ಬೆರಳಲ್ಲಿ ಹಿಡಿದು, ಬಟ್ಟೆಯ ಗುಣ ನೋಡುವವರಂತೆ ಉಜ್ಜಿದರು. "ಏನಿದು, ಭಿಕ್ಷುಕನ ಹಂಗೆ? ಅತ್ತಿಗೆ, ಬಿಸಿನೀರು ಕೊಡ್ರಿ. ಸೋಪು ಐತಾ ಮನೆಯಾಗೆ?"

ಗಂಗಮ್ಮ ಅನುಮಾನಿಸುತ್ತ ನನ್ನ ಕಡೆ ನೋಡಿದರು. "ಹಳೇ ಡಬ್ಬಿ ಗೂಡಿನಾಗೆ ಐತೆ. ಆದ್ರೆ ಅದು ಈಗ ಕೊಟ್ರೇಶಿದಲ್ವೇನಪ್ಪ."

"ನಂದಲ್ಲ," ಎಂದೆ ನಾನು. "ಇವತ್ತು ಬೆಳಗ್ಗೆ ಹಚ್ಚಿದ್ದೇ ಕೊನೆ. ತನ್ನಿ ಅಮ್ಮ."

ವಿರುಪಣ್ಣ ಗಂಗಮ್ಮ ಕೊಟ್ಟ ಕತ್ತರಿಯಿಂದ ಗಡ್ಡವನ್ನು ಚಿಕ್ಕದು ಮಾಡಿದರು. ಅಂಗಿ ಕತ್ತರಿಸಿ ಪಳಗಿದ ಕೈ, ಎಲ್ಲೂ ಎಳೆಯಲಿಲ್ಲ. ಬಿಸಿನೀರಿನ ಬಟ್ಟೆ ಹಾಕಿ ಮೆತ್ತಗೆ ಮಾಡಿದರು. ಬ್ರಷ್ ಒದ್ದೆ ಮಾಡಿ ಡಬ್ಬಿಯೊಳಗೆ ತಿರುವಿದರು. ಒಣಗಿ ಬಿರುಕು ಬಿಟ್ಟಿದ್ದ ಸೋಪು ಮೊದಲು ಸತಾಯಿಸಿತು, ಆಮೇಲೆ ನೊರೆ ಎದ್ದಿತು, ಅದೇ ಗಟ್ಟಿ ಮೊಸರಿನಂಥ ನೊರೆ. ಅಣ್ಣನ ಗಲ್ಲಕ್ಕೆ ಹಚ್ಚಿದರು. ಲಾವಂಚ, ಒಣ ನಿಂಬೆಸಿಪ್ಪೆ. ಮಂಜಿಲ್ಲದ ಆ ಚಿಕ್ಕ ಕೋಣೆ ಆ ವಾಸನೆಯಿಂದ ತುಂಬಿಹೋಯಿತು. ನಾನು ದಿನವೂ ಮೂಸಿದ್ದ ವಾಸನೆಯೇ ಅದು, ಆದರೂ ಯಾರೋ ಹಿರಿಯರು ಒಳಗೆ ಬಂದರೆನ್ನಿಸಿ, ಕೂತಿದ್ದವನು ಎದ್ದು ನಿಂತೆ.

ವಿರುಪಣ್ಣ ರೇಜರ್ ತೆಗೆದುಕೊಂಡು ಅಣ್ಣನ ಗದ್ದವನ್ನು ಮೇಲಕ್ಕೆತ್ತಿ ಹಿಡಿದರು. ಒಂದು ಎಳೆತ ಎಳೆದರು, ಚೆನ್ನಾಗಿ ಬಂತು. ಎರಡನೆಯದು ಅರ್ಧಕ್ಕೆ ನಿಂತಿತು. ಮೂಗು ಸೇದಿದರು, ಭುಜಕ್ಕೆ ಕಣ್ಣು ಒರೆಸಿಕೊಂಡರು, ಮತ್ತೆ ರೇಜರ್ ಗಲ್ಲದ ಹತ್ತಿರ ತಂದರು. ಕಣ್ಣೀರು ನೊರೆಯ ಮೇಲೆ ಬಿತ್ತು.

"ಲೇ," ಎಂದರು ಪಂಪಣ್ಣ ನೊರೆಯೊಳಗಿನಿಂದ. "ಕೈಯಾಗೆ ಬ್ಲೇಡು ಐತೆ. ಅಳಂಗಿದ್ರೆ ಕೆಳಗಿಟ್ಟು ಅಳು."

ವಿರುಪಣ್ಣ ರೇಜರ್ ಕೆಳಗಿಟ್ಟರು.